ಬಂಡೆಗೆಜ್ಜೆಯ ಗುಡ್ಡ

ಮುನಿಗಂಗಮ್ಮನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಸಂತೆಯಲ್ಲಿ ಅಳೆದು ಕೊಂಡ ಉಪ್ಪನ್ನು ಮನೆಗೆ ಬಂದು ಮತ್ತೆ ಅಳೆಯುತ್ತಿದ್ದಳು. “ಬೆಳ್ಳಗಿರೋದೆಲ್ಲಾ ಆಲಲ್ಲ ಕಣ್ಲಾ” ಎಂಬುದು ಅವಳ ಬಾಯಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಬರಲೇಬೇಕು. ಬಂಗಾರಪೇಟೆಗೆ ಎರಡು ಮೈಲಿಯ ಆ ಊರಿನಲ್ಲಿ ಅವಳನ್ನು ಆಡಿಕೊಳ್ಳದವರಿಲ್ಲ. ಆದರೂ ಹೆರಿಗೆಯಾದ ಮನೆಯವರು ಬೇರಿನ ಕಷಾಯಕ್ಕೆ ಅವಳ ಬಾಗಿಲಿಗೇ ಬರಬೇಕಿತ್ತು.

ಅನುಮಾನಕ್ಕೆ ಬುಡವಿಲ್ಲದೆ ಇರಲಿಲ್ಲ. ಅವಳ ತವರು ಉರಿಗಾಂ ಬಳಿ. ಅವಳು ಚಿಕ್ಕವಳಿದ್ದಾಗ ಯಾರೋ ಪರಂಗಿ ದೊರೆಗಳು ಬಂದು ಹೊಲದ ಕಲ್ಲುಗಳಿಗೆ ಸುಣ್ಣದ ಗುರುತು ಹಾಕಿದರು. ಅಪ್ಪ ಅವರಿಗೆ ಮಜ್ಜಿಗೆ ಕೊಟ್ಟು ಉಪಚರಿಸಿದ. ವರ್ಷ ತಿರುಗುವುದರೊಳಗೆ ಹೊಲದಲ್ಲಿ ಚಿನ್ನದ ಗಣಿ ಬಾಯಿ ತೆರೆದಿತ್ತು, ಅಪ್ಪ ಅದರೊಳಗೇ ಕೂಲಿಗೆ ಇಳಿದಿದ್ದ.

ಮೂವತ್ತೈದು ವರ್ಷದ ಮೇಲೆ, ಒಂದು ಭಾದ್ರಪದದಲ್ಲಿ, ಕೋಟು ಪೇಟದ ಕೋದಂಡಪ್ಪ ಎಂಬುವವರು ರೈಲಿಳಿದು ಬಂದು ಅವಳ ರಾಗಿ ಹೊಲದ ಮೇಲಿನ ಗುಡ್ಡ ಹತ್ತಿದರು. ಅಲ್ಲಿ ಬಂಡೆಯ ಸಂದುಗಳಲ್ಲಿ ಗೇಣುದ್ದದ ಗಿಡ, ಗೆಜ್ಜೆಯಂಥ ನೀಲಿ ಹೂ. ಊರವರು ಅದನ್ನು ಬಂಡೆಗೆಜ್ಜೆ ಎನ್ನುತ್ತಿದ್ದರು. ಮುನಿಗಂಗಮ್ಮನ ಕಷಾಯದ ಬೇರು ಅದರದೇ. ಕೋದಂಡಪ್ಪ ಒಂದೊಂದೇ ಗಿಡ ಎಣಿಸಿ ಪಕ್ಕದ ಕಲ್ಲಿಗೆ ಸುಣ್ಣದ ಚುಕ್ಕೆ ಇಟ್ಟರು. ನಲವತ್ತೊಂದು.

ಸುಣ್ಣ ಕಂಡದ್ದೇ ಮುನಿಗಂಗಮ್ಮ ಹೊಲದ ಕೆಲಸ ಬಿಟ್ಟು ಗುಡ್ಡ ಹತ್ತಿದಳು.

“ಇದ್ಯಾಕೆ ಸ್ವಾಮಿ ಎಣಿಸ್ತೀರಿ?”

“ಗಿಡ ಹುಡುಕೋದೇ ನನ್ನ ಸರ್ಕಾರಿ ಕೆಲಸಮ್ಮ. ಈ ಹೂವು ಇನ್ನೆಲ್ಲೂ ಸಿಕ್ಕಿಲ್ಲ. ಇಲ್ಲೂ ಹೋದರೆ ಲೋಕದಲ್ಲೇ ಇಲ್ಲ.”

“ಊವ ನೋಡಕ್ಕೆ ಬೆಂಗ್ಳೂರಿಂದ ರೈಲತ್ತಿ ಬಂದ್ರಾ?”

ಅವರು ನಕ್ಕರು. ಅಪ್ಪನ ಮಜ್ಜಿಗೆ ಕುಡಿದವರೂ ಹೀಗೇ ನಕ್ಕಿದ್ದರು. ಯಾವ ಗಿಡದ ಕೆಳಗೆ ಚಿನ್ನವಿದೆಯೆಂದು ಓದಿದವರಿಗೆ ಗೊತ್ತಾಗುತ್ತದೆ ಅಂತ ಚಾಂಪಿಯನ್ ರೀಫ್ಸ್ ಗಣಿಯ ಕೂಲಿಯವರು ಹೇಳಿದ್ದು ಅವಳಿಗೆ ನೆನಪಾಯಿತು. ಹೂವಿನದು ಬರೀ ನೆಪ. ಗುಡ್ಡ ಹೋದರೆ ಕೆಳಗಿನ ಹೊಲ ಉಳಿಯುತ್ತದೆಯೇ? ಗಿಡವೇ ಇಲ್ಲದಿದ್ದರೆ ಚಿನ್ನದ ಗುರುತೂ ಇರದು.

ಬೇರು ತೆಗೆಯುವುದಕ್ಕೆ ಅವಳ ಅತ್ತೆ ಕಲಿಸಿದ ಕಟ್ಟಳೆಯಿತ್ತು. ಹೂವಿದ್ದಾಗ ಮುಟ್ಟಬಾರದು, ಗಿಡಕ್ಕೆ ಕೈಮುಗಿಯಬೇಕು, ಒಂದು ಅಗೆದರೆ ಮೂರು ಬಿಡಬೇಕು. ಮರುದಿನ ಬೆಳಿಗ್ಗೆ ಗುದ್ದಲಿ ಹಿಡಿದು ಹೋದವಳು ಕೈಮುಗಿಯಲೂ ಇಲ್ಲ, ಬಿಡಲೂ ಇಲ್ಲ. ಹೂವಿದ್ದಂತೆಯೇ ಬೇರುಸಹಿತ ಕಿತ್ತಳು. ಬಾಣಂತಿಯರಿಗೆ ಮುಂದೇನು ಎಂದೂ ಯೋಚಿಸಲಿಲ್ಲ. ಎಲ್ಲವನ್ನೂ ತಿಪ್ಪೆಯಲ್ಲಿ ಹೂತು, ಸುಣ್ಣದ ಚುಕ್ಕೆಗಳನ್ನು ಉಜ್ಜಿ ಅಳಿಸಿದಳು.

ದೀಪಾವಳಿ ಕಳೆದ ಮೇಲೆ ಕೋದಂಡಪ್ಪ ಮತ್ತೆ ಬಂದರು. ಗುಡ್ಡವೆಲ್ಲ ಸುತ್ತಿ, ಬೆವರು ಒರೆಸಿಕೊಳ್ಳುತ್ತಾ ಅವಳ ಜಗುಲಿಯಲ್ಲಿ ಕುಸಿದರು.

“ಒಂದೂ ಇಲ್ಲವಲ್ಲಮ್ಮ!”

“ಮೇಕೆ ಮೇಯ್ದಿರ್ಬೇಕು.”

ಅವರು ಅದನ್ನು ಹಾಗೆಯೇ ನಂಬಿಬಿಟ್ಟರು. ಮುಖಕ್ಕೆ ಜೀವ ಬಂತು.

“ಸದ್ಯ! ಹಾಗಾದರೆ ಬೇರಿದೆ. ಮಳೆ ಬಿದ್ದರೆ ಚಿಗುರುತ್ತೆ.” ಕೋಟಿನಿಂದ ಸರ್ಕಾರದ ಮೊಹರಿನ ಕಾಗದ ತೆಗೆದು ಓದಿದರು: ಈ ಹೂವು ಇರುವ ತನಕ ಈ ಗುಡ್ಡದಲ್ಲಿ ಯಾರೂ ಕಲ್ಲು ಒಡೆಯಕೂಡದು, ಗಣಿ ತೋಡಕೂಡದು. “ಕಾಯೋದು ನಿಮ್ಮ ಕೆಲಸ. ನಿಮ್ಮನ್ನೇ ನಂಬಿದ್ದೀನಿ.”

ಮುನಿಗಂಗಮ್ಮ ತಿಪ್ಪೆಯ ಕಡೆ ತಿರುಗಿ ನೋಡಿದಳು.

“ಬೇರೂ ಇಲ್ಲ ಸ್ವಾಮಿ. ನಾನೇ ಕಿತ್ತೆ.”

ಕೋದಂಡಪ್ಪ ಕಾಗದವನ್ನು ಮಡಿಸಿದರು. ಆಮೇಲೆ, “ನನ್ನ ಕಣ್ಣಿಗೆ ಬೀಳದ್ದು ಒಂದಾದರೂ ಇರಬಹುದಲ್ಲವೇ?” ಎಂದರು.

“ನಾಕಿದ್ವು,” ಎಂದಳು ಮುನಿಗಂಗಮ್ಮ. “ಅವನ್ನೂ ಕಿತ್ತೆ.”