ನಾನು ಕಣ್ಣು ಮುಚ್ಚಿ ತಗೋರಿ ಅಂದ ಎಸ್‌ಎಸ್‌ಡಿ

ಗೋವಾದ ಫಾತೋರ್ಡಾದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಬೋರ್ಡಿನ ಮೇಲೆ ಝೆರಾಕ್ಸ್ ಅಂತಿದೆ ಅಷ್ಟೆ. ಆಧಾರ್ ತಿದ್ದುಪಡಿಯ ಫಾರ್ಮು, ಪಾಸ್‌ಪೋರ್ಟ್ ಸೈಜಿನ ಫೋಟೊ, ವಿಜಯಪುರದ ಕಡೆಗೆ ಹೋಗುವವರ ಬಸ್ ಟಿಕೀಟು, ಎಲ್ಲ ಅಲ್ಲೇ, ಒಂದೇ ಕಂಪ್ಯೂಟರಿನ ಮೇಲೆ. ಮೊದಲು ಆ ಕಂಪ್ಯೂಟರ್ ಶುರುವಾಗುವುದರೊಳಗೆ ನಾನು ಕಸ ಗುಡಿಸಿ, ಊದುಬತ್ತಿ ಹಚ್ಚಿ, ಮನೆಗೆ ಫೋನ್ ಮಾಡಿ ಗ್ಯಾಸ್ ಬಂದ್ ಮಾಡಿದ್ದೀಯಾ ಎಂದು ಹೆಂಡತಿಯನ್ನು ಕೇಳಿ, ಅವಳಿಂದ ಬೈಸಿಕೊಂಡು ಮುಗಿಸುತ್ತಿದ್ದೆ.

ಹಳೆಯ ಹಾರ್ಡ್ ಡಿಸ್ಕ್ ಕಿತ್ತು ಎಸ್‌ಎಸ್‌ಡಿ ಹಾಕಿಸು ಎಂದು ಎಲ್ಲರೂ ಹೇಳಿದರು. ನೋಡಲಿಕ್ಕೆ ಚೂಯಿಂಗ್ ಗಮ್ಮಿನ ಪಟ್ಟಿಯಷ್ಟು ಇರುತ್ತದೆ. ಕಂಪ್ಯೂಟರಿನ ಕಡತವೆಲ್ಲ ಅದರ ಚಿಪ್‌ಗಳ ಒಳಗೆ. ನಾನು ತಿಂಗಳುಗಟ್ಟಲೆ ವಿಮರ್ಶೆ ಓದಿದೆ. ಒಂದೇ ನಕ್ಷತ್ರ ಕೊಟ್ಟವರ ಗೋಳನ್ನು ಮೊದಲು ಓದುವುದು ನನ್ನ ಪದ್ಧತಿ. ಐವತ್ತೆರಡು ವರ್ಷದಲ್ಲಿ ಕುಕ್ಕರಿನಿಂದ ಹಿಡಿದು ಮೊಣಕಾಲಿನ ಎಣ್ಣೆಯವರೆಗೆ ನಾನು ಏನನ್ನೂ ಹಾಗೇ ಕೊಂಡವನಲ್ಲ. ಕೊನೆಗೆ, ಅಗ್ಗದವುಗಳಲ್ಲೇ ಎಲ್ಲರೂ ಹೊಗಳುತ್ತಿದ್ದ ಒಂದನ್ನು ಮಡಗಾಂವದ ಅಂಗಡಿಯಿಂದ ತಂದೆ. ಹದಿನೈದು ದಿನ ಪರೀಕ್ಷೆ ಮಾಡಿದೆ. ಅಳಿಯನ ಮದುವೆಯ ವಿಡಿಯೊವನ್ನು ಅದರೊಳಗೆ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ಪಕ್ಕದಲ್ಲಿ ಫೋನಿನ ಗಡಿಯಾರ. ಅಳಿಯ ನೂರಾರು ಸಲ ತಾಳಿ ಕಟ್ಟಿದ, ಎಸ್‌ಎಸ್‌ಡಿ ಒಂದು ಸಲವೂ ಏದುಸಿರು ಬಿಡಲಿಲ್ಲ.

ನನ್ನ ಚಿಂತೆಯನ್ನು ಸುಳ್ಳು ಮಾಡಿದ ವಸ್ತು ಬದುಕಿನಲ್ಲಿ ಅದೊಂದೇ. ಆ ಖುಷಿಗೆ ಒಂದು ಭಾನುವಾರ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ಫೋನ್ ಆನಿಸಿಟ್ಟು, ಗೋವಾದಲ್ಲಿರುವ ನಮ್ಮ ಜನರಿಗೆಂದು ಕನ್ನಡದಲ್ಲಿ ಒಂದು ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕಿಬಿಟ್ಟೆ. ಹದಿನಾಲ್ಕು ನಿಮಿಷ. ನಡುವೆ ಕುಕ್ಕರ್ ಮೂರು ಸಲ ಕೂಗುತ್ತದೆ. ಅದು ಯಾವ ಕುಕ್ಕರ್ ಎಂದು ಇಬ್ಬರು ಕೇಳಿದರು. ಕೊನೆಯಲ್ಲಿ, ನನ್ನ ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ, "ಕಣ್ಣ ಮುಚ್ಚಿ ತಗೋರಿ" ಅಂದಿದ್ದೇನೆ. ರಸ್ತೆ ದಾಟುವಾಗ ಖಾಲಿ ರಸ್ತೆಯನ್ನೂ ನಾಲ್ಕು ಸಲ ನೋಡುವವನು.

ಏಳೆಂಟು ತಿಂಗಳ ಮೇಲೆ ಒಂದು ಬುಧವಾರ ನಮ್ಮ ಓಣಿಯ ವಿಡಿಯೋದವನು ಅಂಗಡಿಗೆ ಬಂದ. ನಮ್ಮ ಕಡೆಯವನೇ, ನನಗಿಂತ ಹತ್ತು ವರ್ಷಕ್ಕೆ ಸಣ್ಣವನು. ಹುಬ್ಬಳ್ಳಿ, ಬೆಳಗಾವಿಯಿಂದ ಮದುವೆ ನಿಶ್ಚಯವಾದ ಜೋಡಿಗಳು ಕಾಣಕೋಣದ ಸಮುದ್ರದಂಡೆಗೆ ಬರುತ್ತವೆ; ಇವನು ಅವರನ್ನು ಉಸುಕಿನಲ್ಲಿ ಓಡಿಸಿ ವಿಡಿಯೊ ತೆಗೆಯುತ್ತಾನೆ. ಅತ್ತೆಯಾಗುವವರು ಛತ್ರಿ ಹಿಡಿದು ನಿಂತಿರುತ್ತಾರೆ.

"ಅಣ್ಣಾರ, ನಿಮ್ಮ ವಿಡಿಯೊ ನೋಡಿ ಅದನ್ನ ತಗೊಂಡೇನ್ರಿ."

"ಚಲೋ ಮಾಡಿದಿ."

"ಏನ್ ಚಲೋ. ಮೊದಲ ಹತ್ತು ನಿಮಿಷ ಕುದುರಿ ಓಡಿದಂಗ ಓಡತೈತಿ. ಆಮ್ಯಾಲೆ ಎಮ್ಮಿ ಕೆಸರಾಗ ಕುಂತಂಗ ಕುಂದರ್ತೈತಿ. ಮುಂಜಾನಿಂದ ಕ್ಯಾಮೆರಾದ್ದು ಕಾಪಿ ಮಾಡಾಕತ್ತೇನಿ, ಇನ್ನೂ ಹನ್ನೊಂದು ತಾಸು ಬೇಕಂತ."

ಬೆಳಗಾವಿಯ ಮನೆತನವೊಂದರ ಕೆಲಸ. ಭಾನುವಾರ ಆರತಕ್ಷತೆಯಲ್ಲಿ ದೊಡ್ಡ ಪರದೆಯ ಮೇಲೆ ಅದನ್ನು ತೋರಿಸಬೇಕು. ಹುಡುಗಿಯ ಚಿಕ್ಕಪ್ಪ ಶುಕ್ರವಾರ ಮಧ್ಯಾಹ್ನ ಬಂದು ಒಯ್ಯುತ್ತಾನೆ. ಆ ಮನೆಯಲ್ಲಿ ಇನ್ನೂ ಮೂರು ಹುಡುಗಿಯರು, ಮೂರೂ ಮದುವೆ ಇವನಿಗೇ ಎಂದು ಮಾತಾಗಿತ್ತು. ಶುಕ್ರವಾರ ತಪ್ಪಿದರೆ ನಾಲ್ಕೂ ತಪ್ಪಿದಂತೆ. ನನ್ನ ಮಾತು ಕೇಳಿ ಕೊಂಡದ್ದಕ್ಕೆ.

ಅಂಗಡಿ ಮುಚ್ಚಿ ಇಬ್ಬರೂ ಮಡಗಾಂವಕ್ಕೆ ಹೋದೆವು. ಅಂಗಡಿಯವನು ಕೊಂಕಣಿಯವನು, ಸಮಾಧಾನಿ. ನನ್ನ ಹಳೆಯ ಡಬ್ಬಿಯನ್ನೂ (ಡಬ್ಬಿಗಳನ್ನು ನಾನು ಎಸೆಯುವುದಿಲ್ಲ) ಇವನ ಡಬ್ಬಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದ.

"ಪಾತ್ರಾಂವ್, ಹೆಸರು ಒಂದೇ, ನಂಬರ್ ಒಂದೇ, ಬಣ್ಣ ಒಂದೇ. ಬೇರೆ ಏನಿದೆ?" ಅಂದ. ಗಿರಾಕಿಗಳನ್ನೆಲ್ಲ ಅವನು ಪಾತ್ರಾಂವ್ ಎಂದೇ ಕರೆಯುವುದು, ಧಣಿ ಅಂದಂತೆ.

"ಒಳಗ ಬ್ಯಾರೆ ಇರಬೇಕ್ರಿ," ಅಂದ ವಿಡಿಯೋದವನು.

"ಒಳಗಿಂದು ನಾನು ಮಾರೂದಿಲ್ಲ. ನಾನು ಮಾರೂದು ಡಬ್ಬಿ," ಅಂದು ಕಂಪನಿಯ ಕಾಗದ ತೆಗೆದು ತೋರಿಸಿದ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ವಾಕ್ಯ. ಓದಲು ಬರಲಿಲ್ಲ. ನನ್ನ ಅಂಗಡಿಗೆ ತಂದು ಝೆರಾಕ್ಸಿನಲ್ಲಿ ದೊಡ್ಡದು ಮಾಡಿದೆ, ಅದನ್ನು ಮತ್ತೆ ದೊಡ್ಡದು ಮಾಡಿದೆ. ನಾಲ್ಕನೆಯ ಪ್ರತಿಗೆ ಓದಲು ಬಂತು: ಒಳಗಿನ ಭಾಗಗಳನ್ನು ಪೂರ್ವಸೂಚನೆ ಇಲ್ಲದೆ ಬದಲಿಸುವ ಹಕ್ಕು ಕಂಪನಿಗಿದೆ. ಸೂಚನೆ ಕೊಡುವುದಿಲ್ಲ ಎಂಬ ಸೂಚನೆಯನ್ನು ಮಾತ್ರ ಕೊಟ್ಟಿದ್ದರು.

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಹಿಂದಿಯಲ್ಲಿ ಒಬ್ಬ ಹೆಣ್ಣುಮಗಳು ಬಹಳ ಮೆತ್ತಗೆ ಮಾತಾಡಿದಳು. ಒಳಗಿನ ಚಿಪ್ ಬೇರೆ ಎನ್ನುವುದಾದರೆ ಅದರ ಫೋಟೊ ಕಳಿಸಿ ಸರ್, ಬದಲಿಸಿ ಕೊಡುತ್ತೇವೆ ಅಂದಳು. ಚಿಪ್‌ಗಳ ಮೇಲೆ ನಿಮ್ಮ ಸ್ಟಿಕ್ಕರ್ ಅಂಟಿಸಿದ್ದೀರಲ್ಲಮ್ಮ, ಅದನ್ನು ತೆಗೆಯಲೇ? ಎಂದೆ. ಸ್ಟಿಕ್ಕರ್ ತೆಗೆದರೆ ವಾರಂಟಿ ಹೋಗುತ್ತದೆ ಸರ್. ಹಾಗಾದರೆ ಫೋಟೊ? ಫೋಟೊದಲ್ಲಿ ಸ್ಟಿಕ್ಕರ್ ಕೂಡ ಹರಿಯದೆ ಕಾಣಬೇಕು ಸರ್. ನಾನು ಇದನ್ನು ಮೂರು ಬಗೆಯಲ್ಲಿ ಕೇಳಿದೆ. ಅವಳು ಮೂರು ಬಗೆಯಲ್ಲೂ ಅದನ್ನೇ ಹೇಳಿ, ಇನ್ನೇನಾದರೂ ಸಹಾಯ ಬೇಕೆ ಎಂದು ಕೇಳಿದಳು.

ಸಂಜೆ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ಎರಡೂ ಎಸ್‌ಎಸ್‌ಡಿ ಇಟ್ಟುಕೊಂಡು ಕೂತೆವು. ನನ್ನದನ್ನು ಅಂಗಡಿಯ ಕಂಪ್ಯೂಟರಿನಿಂದ ಬಿಚ್ಚಿ ತಂದಿದ್ದೆ. ಉಗುರಿನಿಂದ ಕೆರೆದರೆ ಸ್ಟಿಕ್ಕರ್ ಹರಿಯುವುದು ಖಂಡಿತ ಎಂದು ನಾನು, ಹರಿದರೆ ಹರಿಯಲಿ ಎಂದು ಅವನು. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಹಿಂತಿರುಗಿ ನೋಡದೇ ಕೇಳಿದಳು.

"ಏನ್ರಿ ಅದು, ಲಕೋಟಿ ಅಂಟಿಸಿದಂಗ ಅಂಟಿಸ್ಯಾರೇನು?"

"ಹಂಗ ತಿಳಿ."

"ಕಾವು ಕೊಟ್ರ ಬಿಡತೈತಿ. ಸರೀರಿ ಅತ್ತಾಗ."

"ಉಗಿ ಹಾಯಿಸಬ್ಯಾಡ, ನೀರು ಹೋದ್ರ ಕೆಟ್ಟ ಹೋಗತೈತಿ."

"ಉಗಿ ಯಾಕ, ರೊಟ್ಟಿ ಐತಲ್ಲ."

ಎಸ್‌ಎಸ್‌ಡಿಯ ಮೇಲೆ ಒಣ ಅರಿವೆ ಹೊದಿಸಿ, ಹಂಚಿನ ಮೇಲಿಂದ ಜೋಳದ ರೊಟ್ಟಿಯೊಂದನ್ನು ಎತ್ತಿ ಅದರ ಮೇಲೆ ಮಲಗಿಸಿದಳು. ಚಳಿಜ್ವರದವರಿಗೆ ಚಾದರ ಹೊದಿಸಿದ ಹಾಗೆ. ಹತ್ತು ಎಣಿಸಿ, ರೊಟ್ಟಿ ತೆಗೆದು ವಿಡಿಯೋದವನ ತಾಟಿಗೆ ಹಾಕಿದಳು. ಅವನು ಪಲ್ಯ ಹಚ್ಚಿಕೊಂಡು ತಿಂದ. ಅರಿವೆ ಸರಿಸಿ ಸ್ಟಿಕ್ಕರಿನ ಮೂಲೆಗೆ ಉಗುರು ಹಾಕಿ ನಿಧಾನಕ್ಕೆ ಎತ್ತಿದಳು. ಒಂದು ಎಳೆಯೂ ಹರಿಯದೆ ಬಂತು. ಎರಡನೆಯದಕ್ಕೆ ಎರಡನೆಯ ರೊಟ್ಟಿ. ಆ ರೊಟ್ಟಿ ನನ್ನ ಪಾಲಿಗೆ ಬಂತು. ಕಂಪನಿಯ ಗೋಂದಿನ ವಾಸನೆ ಏನಾದರೂ ಇದೆಯೇ ಎಂದು ಮೂಸಿ ನೋಡಿ ಬೈಸಿಕೊಂಡೆ.

ನನ್ನದರಲ್ಲಿ ನಾಲ್ಕು ಚಿಪ್. ಅವನದರಲ್ಲಿ ಎರಡು. ಉಳಿದೆರಡು ಕೂರಬೇಕಾದಲ್ಲಿ, ಹಲ್ಲು ಕಿತ್ತ ಒಸಡಿನ ಹಾಗೆ, ಖಾಲಿ ಜಾಗ. ಇದ್ದ ಎರಡರ ಮೇಲಿನ ನಂಬರನ್ನೂ ಅವನು ಫೋನಿನಲ್ಲಿ ಹುಡುಕಿ ನೋಡಿದ. ಬೇರೆಯೇ ಜಾತಿಯವು, ತುಂಬುತ್ತ ಹೋದಂತೆ ಮಂದವಾಗುವಂಥವು. ಮಾಲು ಹೊಸದಾಗಿ ಬಂದಾಗ, ಎಲ್ಲರೂ ಪರೀಕ್ಷೆ ಮಾಡಿ ಹೊಗಳುವಾಗ, ಒಳ್ಳೆಯ ಚಿಪ್. ಹೊಗಳಿ ಮುಗಿದ ಮೇಲೆ ಇವು. ಹೆಸರು ಮಾತ್ರ ಹಳೆಯದೇ.

ಹೆಂಡತಿ ಹಿಟ್ಟಿನ ಕೈಯಲ್ಲೇ ಬಗ್ಗಿ ನೋಡಿದಳು. "ನೋಡಾಕ ಹೋದಾಗ ಅಕ್ಕನ್ನ ತೋರ್ಸ್ಯಾರ, ಅಕ್ಕಿಕಾಳಿಗೆ ತಂಗೀನ್ನ ತಂದು ನಿಂದರ್ಸ್ಯಾರ."

"ತಂಗಿ ಆಗಿದ್ರ ಹೆಂಗರ ಸಂಸಾರ ಮಾಡ್ತಿದ್ದೆ ವೈನಿ," ಅಂದ ಅವನು. "ಇದು ಅವರಜ್ಜಿ."

ನಾನೂ ನಕ್ಕೆ. ಆದರೆ ನಗು ಒಳಗಿಳಿಯಲಿಲ್ಲ. ನನ್ನ ಹದಿನಾಲ್ಕು ನಿಮಿಷದಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ನಾನು ಸುಮ್ಮನೆ ಮನೆಯಲ್ಲಿ ಕೂತಿದ್ದಾಗಲೇ, ಎಲ್ಲೋ ಒಂದು ಕಾರ್ಖಾನೆಯಲ್ಲಿ ಯಾರೋ ಅದನ್ನು ಸುಳ್ಳು ಮಾಡಿ ಇಟ್ಟಿದ್ದರು. ನನಗೆ ಇದ್ದ ಚಿಂತೆಗಳೆಲ್ಲ ನಾನು ಮಾಡಬಹುದಾದ ತಪ್ಪುಗಳ ಬಗ್ಗೆ ಇದ್ದವು. ಹೀಗೊಂದು ಬಗೆ ಇದೆ ಎಂದು ಹೊಳೆದಿರಲಿಲ್ಲ. ಅದನ್ನೂ ಚಿಂತೆಯ ಪಟ್ಟಿಗೆ ಸೇರಿಸಿಕೊಂಡೆ. ಫೋಟೊ ಕಳಿಸಿ ಕಂಪನಿಯಿಂದ ಬದಲಿ ಬರುವಷ್ಟರಲ್ಲಿ ಶುಕ್ರವಾರ ದಾಟಿರುತ್ತಿತ್ತು, ಬಂದರೂ ಅದೇ ಅಜ್ಜಿ.

"ನನ್ನದನ್ನ ಒಯ್ಯಿ," ಅಂದೆ.

"ನಿಮ್ಮ ಅಂಗಡಿ?"

"ನಿಂದನ್ನ ನಾ ಹಾಕ್ಕೋತೇನಿ. ಆಧಾರ್ ಫಾರ್ಮಿಗೆ ಕುದುರಿ ಯಾಕ ಬೇಕು."

ಅವನು ಬೇಡ ಬೇಡ ಎಂದು ಮೂರು ಸಲ ಅಂದ. ನಾಲ್ಕನೆಯ ಸಲ ಅಂದುಬಿಟ್ಟಾನು ಎಂದು ನಾನು ಹೆದರುವಷ್ಟರಲ್ಲಿ, ಅಥವಾ ಅನ್ನಲಿ ಎಂದು ಆಸೆಪಡುವಷ್ಟರಲ್ಲಿ, ಒಪ್ಪಿಕೊಂಡ. ಹೆಂಡತಿ ಎರಡೂ ಸ್ಟಿಕ್ಕರನ್ನು ಮತ್ತೆ ಅಂಟಿಸಿದಳು. ಹೊಸದರಂತೆ ಕಂಡವು. ಯಾವುದರ ಮೇಲೆ ಯಾವುದು ಹೋಯಿತೋ ನನಗೆ ಇಂದಿಗೂ ಖಾತ್ರಿ ಇಲ್ಲ. ಎರಡರ ಮೇಲೂ ಬರೆದದ್ದು ಒಂದೇ ಆದ್ದರಿಂದ ನಡೆಯಿತು.

ನನ್ನ ಅಂಗಡಿಯ ಕಡತಗಳನ್ನು, ಅರ್ಧ ಫಾತೋರ್ಡಾದ ಪಾಸ್‌ಪೋರ್ಟ್ ಫೋಟೊಗಳನ್ನು, ಅವನ ಎಸ್‌ಎಸ್‌ಡಿಗೆ ಸಾಗಿಸಲು ಗುರುವಾರ ಮಧ್ಯಾಹ್ನದವರೆಗೆ ಹಿಡಿಯಿತು. ಫಾರ್ಮಿಗೆ ಬಂದ ಗೌಂಡಿ ಕೆಲಸದವರು ಬಾಗಿಲಲ್ಲಿ ಕೂತು, ಪರದೆಯ ಮೇಲೆ ಹಸಿರು ಗೆರೆ ತೆವಳುವುದನ್ನು ನೋಡುತ್ತಿದ್ದರು. "ಒಂದು ಗ್ವಾಡಿ ಕಟ್ಟಿ ಬರ್ತೇವ್ರಿ," ಎಂದು ಒಬ್ಬರು ಎದ್ದು ಹೋದರು. ಶುಕ್ರವಾರ ಹನ್ನೊಂದಕ್ಕೆ ವಿಡಿಯೋದವನು ಕೆಲಸ ಮುಗಿಸಿದ. ಚಿಕ್ಕಪ್ಪ ಬಂದು ಒಯ್ದ. ಭಾನುವಾರ ಬೆಳಗಾವಿಯಲ್ಲಿ ಜೋಡಿ ದೊಡ್ಡ ಪರದೆಯ ಮೇಲೆ ಉಸುಕಿನಲ್ಲಿ ಓಡಿತಂತೆ, ಉಳಿದ ಮೂರು ಮದುವೆಯೂ ಖಾಯಂ ಆದವಂತೆ.

ಸೋಮವಾರ ನಾನು ಎರಡನೆಯ ವಿಡಿಯೊ ಮಾಡಿದೆ. ಹೆಸರು ಅದೇ, ಒಳಗೆ ಬೇರೆ, ನಿಮ್ಮ ಕೈಗೆ ಯಾವುದು ಬರುತ್ತದೋ ನಾನು ಹೇಳಲಾರೆ, ಎಂದು ಇಪ್ಪತ್ತೆರಡು ನಿಮಿಷ ಹೇಳಿದೆ. ವಾರದಲ್ಲಿ ಹನ್ನೊಂದು ಜನ ನೋಡಿದರು. ಅದರಲ್ಲಿ ಐದು ಸಲ ನಾನೇ. ಅದೇ ವಾರ ಮೊದಲನೆಯ ವಿಡಿಯೊದ ಕೆಳಗೆ ವಿಡಿಯೋದವನು, ಉಪಕಾರ ಸ್ಮರಣೆಗೆಂದು, ಉದ್ದಕ್ಕೆ ಬರೆದಿದ್ದ: ನಾನು ಇದನ್ನೇ ಬಳಸುವುದು, ದೊಡ್ಡ ಮದುವೆಯ ಕೆಲಸ ಎರಡು ದಿನದಲ್ಲಿ ಮುಗಿಯಿತು, ಅಣ್ಣಾರು ಹೇಳಿದಂತೆ ಕಣ್ಣು ಮುಚ್ಚಿ ತಗೊಳ್ಳಿ. ಅವನಿಗೆ ಗಿರಾಕಿಗಳು ಬಹಳ. ಎಲ್ಲರೂ ಬಂದು ನೋಡಿದರು.

ಫೋನ್ ಮಾಡಿದೆ. "ತಮ್ಮಾ, ಅದನ್ನ ತಗೀ."

"ಯಾಕ್ರಿ ಅಣ್ಣಾರ, ಖರೇನ ಬರದೇನಲ್ರಿ. ನನ್ನ ಹತ್ರ ಇರೂದು ಭಾಳ ಚಲೋ ಐತಿ."

"ಅದು ನಂದು."

"ಅದಕ್ಕ ನಿಮ್ಮ ಹೆಸರಿಂದ ಹೊಗಳೇನಿ."

ಅವನಿಗೆ ತಿಳಿಸಿ ಹೇಳುವುದು ನನ್ನಿಂದ ಆಗಲಿಲ್ಲ. ಅವನು ಬರೆದದ್ದರಲ್ಲೂ ಒಂದು ಅಕ್ಷರ ಸುಳ್ಳಿರಲಿಲ್ಲ. ಕೊನೆಗೆ ನಾನೇ ಮೊದಲನೆಯ ವಿಡಿಯೊ ಅಳಿಸಿದೆ. ಅದನ್ನು ತವರುಮನೆಯವರಿಗೆಲ್ಲ ಕಳಿಸಿದ್ದ ಹೆಂಡತಿ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದಳು. ಅಷ್ಟು ಜನ ನಮ್ಮ ಅಡುಗೆಮನೆ ನೋಡಿದ್ದರು ಎಂಬುದು ಅವಳ ಲೆಕ್ಕ.

ಮೂರನೆಯ ದಿನ ಡಿಚೋಲಿಯಿಂದ ಒಬ್ಬ ಹೆಣ್ಣುಮಗಳ ಫೋನ್ ಬಂತು. ಟೇಲರಿಂಗ್ ಕಲಿಸುವವರು, ಬ್ಲೌಸಿನ ಹೊಲಿಗೆಯ ಪಾಠಗಳನ್ನು ವಿಡಿಯೊ ಮಾಡಿಡುತ್ತಾರಂತೆ. ನನ್ನ ವಿಡಿಯೊ ನೋಡಿದಾಗಲೇ ಅಂಗಡಿಯ ನಂಬರು ಬರೆದಿಟ್ಟುಕೊಂಡಿದ್ದರಂತೆ.

"ಅಣ್ಣಾರ, ನಿಮ್ಮ ವಿಡಿಯೊ ಕಾಣವಲ್ತು ನೋಡ್ರಿ. ನಾ ಅಂಗಡ್ಯಾಗ ನಿಂತೇನಿ. ಆ ಎಸ್‌ಎಸ್‌ಡಿ ಹೆಸರೇನ್ರಿ?"

"ಅಕ್ಕಾರ, ಹೆಸರು ಹೇಳೂಕಿಂತ ಮೊದಲ ಒಂದು ಮಾತು. ಆ ಹೆಸರಿನ ಒಳಗ..."

"ಅವೆಲ್ಲ ನನಗ ತಿಳಿಯಂಗಿಲ್ರಿ. ಹೆಸರಷ್ಟ ಹೇಳ್ರಿ ಸಾಕು. ನಿಮ್ಮ ಮ್ಯಾಲೆ ನಂಬಿಕಿ ಐತಿ."

ಎದುರಿಗೆ ಕಂಪ್ಯೂಟರಿನ ಹಸಿರು ಗೆರೆ ಯಾರದೋ ಪಡಿತರ ಚೀಟಿಯನ್ನು ಹೊತ್ತು ತೆವಳುತ್ತಿತ್ತು. ಆ ಹೆಸರು ನನಗೆ ನನ್ನ ಮನೆದೇವರ ಹೆಸರಿನಷ್ಟೇ ಗಟ್ಟಿ.

"ಮರತೇನ್ರಿ ಅಕ್ಕಾರ," ಅಂದೆ.

"ಹಿಂಗ ಮರತ್ರ ಹೆಂಗ್ರಿ? ಹದಿನಾಲ್ಕು ನಿಮಿಷ ಅದನ್ನ ಹೇಳೀರಿ."

"ವಯಸ್ಸಾತು ನೋಡ್ರಿ."

ಈ ಇಡೀ ಪ್ರಕರಣದಲ್ಲಿ ನಾನು ಹೇಳಿದ ಸುಳ್ಳು ಅದೊಂದೇ. ಆಕೆ, "ಹಂಗಾರ ಆ ಕುಕ್ಕರರ ಯಾವ್ದು ಹೇಳ್ರಿ," ಅಂದರು.