ಅತ್ತಿಗೆ ನೆನೆಹಾಕಿದ ಅಲಗು

ಕಳೆದ ವಾರ ನನ್ನ ಬಾಡಿಗೆ ಕೋಣೆಯ ಬಾಗಿಲ ಚಿಲಕ ತುಕ್ಕು ಹಿಡಿದು ಜರುಗದಾಯಿತು. ಹುಣಸೆಹಣ್ಣು ಕಿವುಚಿ ಉಜ್ಜಿದೆ. ಹುಳಿಯೂ ಕಬ್ಬಿಣವೂ ಬೆರೆತ ವಾಸನೆ ಬೆರಳಿಗೆ ಹತ್ತಿಕೊಂಡಿತು. ಎರಡು ಸಲ ಸೋಪು ಹಾಕಿ ತೊಳೆದರೂ ಹೋಗಲಿಲ್ಲ... ಒಂದು ಕಾಲದಲ್ಲಿ ಅತ್ತಿಗೆಯ ಕೈಯಿಂದ ಯಾವಾಗಲೂ ಇದೇ ವಾಸನೆ ಬರುತ್ತಿತ್ತು.

ತಿಪಟೂರಿನ ಹತ್ತಿರದ ನಮ್ಮೂರಿನಲ್ಲಿ ಅಪ್ಪನಿಗೆ ತೆಂಗಿನ ತೋಟ ಜೀವನ, ಮರಗೆಲಸದ ಹಳೆಯ ಸಾಮಾನು ಹುಚ್ಚು. ಮಿಲ್ಲಿನಲ್ಲಿ ಕೊಯ್ದ ಹಲಗೆ ಬರತೊಡಗಿದ ಮೇಲೆ ಸುತ್ತಲ ಊರುಗಳ ಬಡಗಿಗಳ ಮನೆಗಳಲ್ಲಿ ಮೂಲೆ ಸೇರಿದ್ದ ಬಾಚಿ, ಉಳಿ, ಹಲಗೆ ನಯಮಾಡುವ ಉಜ್ಜುಗೊರಡುಗಳನ್ನು ಕೇಳಿ ತರುತ್ತಿದ್ದರು. ಅವುಗಳ ತುಕ್ಕು ತೆಗೆದು, ಹೊಸ ಹಿಡಿ ಹಾಕಿ, ಅವುಗಳಿಂದಲೇ ಮಣೆ, ಪೆಟ್ಟಿಗೆ, ಕಾಯಿ ಹಾಕುವ ಅಟ್ಟದ ಬಾಗಿಲು ಮಾಡುತ್ತಿದ್ದರು. ತುಕ್ಕು ಉಜ್ಜುವುದು ಎಂಟನೆಯ ವಯಸ್ಸಿನಿಂದ ನನ್ನ ಕೆಲಸ. ಮೊದಲು ನಾರು ಮತ್ತು ಬೂದಿ, ಕೊನೆಗೆ ಕೊಬ್ಬರಿ ಎಣ್ಣೆ. ಆದರೆ ಉಜ್ಜುಗೊರಡನ್ನು ಮರದ ಮೇಲೆ ಆಡಿಸುತ್ತೇನೆಂದರೆ, "ನೀನು ಓದ್ಕ ಹೋಗೆ, ಕೈಗಿಯ್ ಕುಯ್ಕಂಡೀಯ" ಅನ್ನುತ್ತಿದ್ದರು. ಓದಿದೆ. ಮೈಸೂರಿನಲ್ಲಿ ಬಿ.ಎ.ಗೂ ಸೇರಿದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಅಣ್ಣನ ಮದುವೆಯಾಯಿತು. ಅತ್ತಿಗೆ ಹೊನ್ನವಳ್ಳಿಯವಳು, ನನಗಿಂತ ಎರಡೇ ವರ್ಷಕ್ಕೆ ದೊಡ್ಡವಳು. ದಸರಾ ರಜೆಗೆ ನಾನು ಬಂದಿದ್ದಾಗ ಅಪ್ಪ ಜಗಲಿಯಲ್ಲಿ ಹಲಸಿನ ಹಲಗೆ ನಯಮಾಡುತ್ತಿದ್ದರು. ಮರ ಕಿತ್ತು ಕಿತ್ತು ಬರುತ್ತಿತ್ತು. ಮೊರ ಹಿಡಿದು ಹೋಗುತ್ತಿದ್ದ ಅತ್ತಿಗೆ ನಿಂತಳು.

"ಮಾವ, ಆ ತುದಿಯಿಂದ ತಳ್ಳಿ. ಮರದ ಎಳೆ ಎದುರಾಗ್ತೈತೆ."

"ಓಹೋ! ನಿಂಗೆಂಗಮ್ಮ ಗೊತ್ತು?"

"ನಮ್ಮನೆ ಪಕ್ಕದಾಗೇ ಮರಗೆಲ್ಸದ ಆಚಾರ್ರ ಕೊಟ್ಟಿಗೆ ಮಾವ. ಸ್ಕೂಲಿಗೆ ಹೋಗಿದ್ಕಿಂತ ಅಲ್ಲಿಗೆ ಹೋಗಿದ್ದೇ ಜಾಸ್ತಿ."

ಅಪ್ಪ ನಗುತ್ತಾ ಎದ್ದು ಉಜ್ಜುಗೊರಡನ್ನು ಅವಳ ಕೈಗೆ ಕೊಟ್ಟರು. ಅಷ್ಟು ಸುಲಭವಾಗಿ. ಅವಳು ಸೆರಗು ಸಿಕ್ಕಿಸಿ ಒಂದೇ ಉಸಿರಿಗೆ ತಳ್ಳಿದಳು. ಎದ್ದ ಸುರುಳಿ ಎಷ್ಟು ತೆಳುವಾಗಿತ್ತೆಂದರೆ ಅದರಾಚೆ ಅವಳ ಬಳೆಯ ಬಣ್ಣ ಕಾಣುತ್ತಿತ್ತು.

"ನೋಡೇ, ನೋಡ್ ಕಲ್ತ್ಕ," ಎಂದರು ಅಪ್ಪ, ನನ್ನ ಕಡೆ ತಿರುಗಿ.

ಅಂದಿನಿಂದ ಏನು ತಂದರೂ ಅಪ್ಪ ಕರೆಯುತ್ತಿದ್ದುದು ಅವಳನ್ನು. ನಾನು ಪಕ್ಕದಲ್ಲೇ ಇದ್ದರೂ...

ಬೇಸಿಗೆ ರಜೆಯಲ್ಲಿ ಅಪ್ಪ ಅರಳಗುಪ್ಪೆಯಿಂದ ಒಂದು ಅಲಗು ತಂದರು. ಉಜ್ಜುಗೊರಡಿನೊಳಗೆ ಕೂರಿಸುವಂಥದ್ದು, ಒಂದೇ ಮನೆಯ ಮೂರು ತಲೆಮಾರು ಬಳಸಿದ್ದು. ಇಂಥ ಉಕ್ಕು ಮತ್ತೆ ಸಿಗದೆಂದು ಊರಿಗೆಲ್ಲ ಹೇಳಿದರು. ಅತ್ತಿಗೆಯ ಕೈಗೆ ಅದನ್ನು ಒಪ್ಪಿಸಿ, ಕಾಯಿ ಇಳಿಸುವ ಕೆಲಸಕ್ಕೆ ಹೋಗಿ ಮೂರು ದಿನ ತೋಟದಲ್ಲೇ ಉಳಿದರು. ಅವಳು ಅದನ್ನು ಹುಣಸೆನೀರಿನಲ್ಲಿ ನೆನೆಹಾಕಿದಳು. ಮಧ್ಯಾಹ್ನ ಅವಳ ತಾಯಿಗೆ ಜ್ವರವೆಂದು ತವರಿನಿಂದ ಆಳು ಬಂದ. ಬಸ್ಸಿಗೆ ಹೊರಡುತ್ತಾ ನನಗೆ ಹೇಳಿದಳು:

"ಸಂಜೆಗೆ ತೆಗ್ದು ಒರ್ಸಿ ಎಣ್ಣೆ ಹಚ್ಬುಡು ಕಣೇ. ಹಂಗೇ ಬುಟ್ರೆ ಹುಳಿ ತಿಂದಾಕ್ತದೆ."

ಹೂಂ ಅಂದೆ. ಮರೆಯಲಿಲ್ಲ. ಸಂಜೆ ದೀಪ ಹಚ್ಚುವಾಗ ಆ ಬೋಗುಣಿಯನ್ನು ನೋಡಿದೆ. ಮರುದಿನ ನೋಡಿದೆ. ಅದರ ಮರುದಿನವೂ.

ನಾಲ್ಕನೆಯ ದಿನ ಅತ್ತಿಗೆ ಬಂದಾಗ ಅಲಗು ಕಪ್ಪಾಗಿ, ಬಾಯಿಯುದ್ದಕ್ಕೂ ಗುಳಿ ಬಿದ್ದಿತ್ತು. ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಯಾರ್ಗಮ್ಮ ಹೇಳ್ ಹೋಗಿದ್ದೆ?"

ಅತ್ತಿಗೆ ಒಮ್ಮೆ ನನ್ನನ್ನು ನೋಡಿದಳು. "ಯಾರ್ಗೂ ಇಲ್ಲ ಮಾವ. ಹೊರಡೋ ಆತುರದಾಗೆ ಮರ್ತ್ಬುಟ್ಟೆ."

ಅಪ್ಪ ಬಯ್ಯಲಿಲ್ಲ. ಆಮೇಲೆ ಅವಳನ್ನು ಜಗಲಿಗೆ ಕರೆಯಲೂ ಇಲ್ಲ. ವಾರ ಕಳೆದು ಉಜ್ಜುಗೊರಡು ನನ್ನ ಕೈಗೆ ಬಂತು. ತಳ್ಳಿದೆ, ಮರ ಪರಪರ ಕಿತ್ತುಬಂತು. ಒಳಗೆ ಅತ್ತಿಗೆ ಮುದ್ದೆ ತೊಳಸುತ್ತಿದ್ದ ಸದ್ದು ತಟ್ಟನೆ ನಿಂತಿತು. ಯಾವ ತುದಿಯಿಂದ ತಳ್ಳಬೇಕೆಂದು ಅವಳಿಗೆ ಅಲ್ಲಿಂದಲೇ ಗೊತ್ತಾಗಿರಬೇಕು. ಆದರೆ ಅವಳು ಹೊರಗೆ ಬರಲಿಲ್ಲ.

ಅತ್ತಿಗೆ ಹೋಗಿ ಎರಡು ವರ್ಷವಾಯಿತು. ಕಾಮಾಲೆ, ಮೂರೇ ವಾರ... ಅಪ್ಪ ಅವಳಿಗಿಂತ ಮೊದಲೇ ಹೋಗಿದ್ದರು. ಅವಳ ಮುಂದೆ ಬಾಯಿ ಬಿಡಲು ನನ್ನಿಂದ ಆಗಲೇ ಇಲ್ಲ. ಈ ಭಾನುವಾರ ಊರಿಗೆ ಹೋಗಿ ಅಣ್ಣನಿಗೆ ಎಲ್ಲ ಹೇಳಿದೆ.

"ನನ್ ತಾವೂ ಮರ್ತೆ ಅಂತ್ಲೇ ಅಂದಿದ್ಲು ಕಣೇ," ಅಂದ. "ಮರೆಗುಳಿ, ಮರೆಗುಳಿ ಅಂತ ಕೊನೇವರ್ಗೂ ಆಡ್ಕಂಡಿದೀನಿ ಅವಳ್ನ."

ಗಂಡನಿಗೂ ಹೇಳಿರಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಅದೇ ಸಂಜೆ ಹೇಳಿಬಿಡುತ್ತಿದ್ದೆ. ಈಗ ತಪ್ಪಾಯಿತು ಅನ್ನೋಣವೆಂದರೆ ಅವಳಿಲ್ಲ. ಅಣ್ಣನ ಮುಂದೆ ತಲೆ ತಗ್ಗಿಸಿ ಕೂತಿದ್ದಾಗಲೂ, ಇದರಲ್ಲೂ ಅವಳದೇ ಕೈ ಮೇಲಾಯಿತಲ್ಲ ಎಂದು ನನ್ನ ಹೊಟ್ಟೆ ಉರಿಯಿತು.