ಕಾಲು ಸುತ್ತಿನ ತಪ್ಪು

ಡಾರ್ಕಸ್ ಬಿಯರ್ಡಿಗೆ ಕ್ಷಮೆ ಕೇಳುವವರನ್ನು ಕಂಡರೆ ಈಗೀಗ ತಲೆನೋವು ಬರುತ್ತಿತ್ತು. ಕೆನಡಾದ ಮೂಲನಿವಾಸಿಗಳಾದ ಕ್ರೀ ಜನಾಂಗದ, ಎಪ್ಪತ್ತೈದು ವರ್ಷದ ಈ ಹೆಂಗಸಿನ ಬಳಿ ಕಳೆದ ಹತ್ತು ವರ್ಷಗಳಲ್ಲಿ ಎಷ್ಟು ಜನ ಬಂದು ಕ್ಷಮೆ ಕೇಳಿದ್ದರೆಂದರೆ, ವಿಮಾನದಿಂದ ಇಳಿದ ಹೊಸ ಮುಖವೊಂದು ತಲೆಯನ್ನು ತುಸು ಓರೆ ಮಾಡಿ ದನಿ ತಗ್ಗಿಸಿದ ಕೂಡಲೇ ಆಕೆ ಎದ್ದು ಒಲೆಯ ಮೇಲೆ ಚಹಾಕ್ಕೆ ನೀರಿಡುತ್ತಿದ್ದಳು. ಕ್ಷಮೆ ಮುಗಿಯುವುದಕ್ಕೂ ನೀರು ಕುದಿಯುವುದಕ್ಕೂ ಸರಿಹೋಗುತ್ತಿತ್ತು. ಆಕೆಗೆ ಬೇಕಾಗಿದ್ದುದೋ ತೀರ ಸಣ್ಣ ಸಂಗತಿ: ಒಂದು ಅಕ್ಷರವನ್ನು ಯಾರಾದರೂ ಕಾಲು ಸುತ್ತು ತಿರುಗಿಸಬೇಕಾಗಿತ್ತು.

ಮ್ಯಾನಿಟೋಬಾ ಪ್ರಾಂತ್ಯದ ಉತ್ತರಕ್ಕಿರುವ ಗಲ್ ನ್ಯಾರೋಸ್ ಎಂಬ ಆ ಊರಿನ ಪುಟ್ಟ ದವಾಖಾನೆಯಲ್ಲಿ ಡಾರ್ಕಸ್ ಮೂವತ್ತೊಂದು ವರ್ಷ ದುಭಾಷಿಯಾಗಿದ್ದವಳು. ಮಾತ್ರೆ ದಿನಕ್ಕೆ ಮೂರೋ, ಮೂರು ದಿನಕ್ಕೊಂದೋ ಎಂಬ ವ್ಯತ್ಯಾಸದ ಮೇಲೆ ಒಂದು ಜೀವ ನಿಂತಿರುತ್ತದೆ ಎಂಬುದನ್ನು ಆಕೆ ಕಣ್ಣಾರೆ ಕಂಡಿದ್ದಳು. ಒಮ್ಮೆ ಹೊಸ ವೈದ್ಯನೊಬ್ಬ ಚೀಟಿಯಲ್ಲಿ ಅಳತೆ ತಪ್ಪಿ ಬರೆದು, ‘ನೀನೇ ತಿದ್ದಿಬಿಡು’ ಎಂದು ಪೆನ್ನು ಚಾಚಿದಾಗ ಆಕೆ ಅದನ್ನು ಮುಟ್ಟಿರಲಿಲ್ಲ. ತಪ್ಪು ಬರೆದ ಕೈಯೇ ತಿದ್ದಬೇಕು, ಕೆಳಗೆ ಸಹಿ ಹಾಕಬೇಕು. ಇಲ್ಲದಿದ್ದರೆ ಆ ಕೈ ಮುಂದಿನ ವಾರವೂ ಅದನ್ನೇ ಬರೆಯುತ್ತದೆ ಎಂಬುದು ಆಕೆಯ ನಂಬಿಕೆ. ನಂಬಿಕೆ ಎನ್ನುವುದಕ್ಕಿಂತ, ಮೂವತ್ತೊಂದು ವರ್ಷಗಳ ಅವಲೋಕನದಿಂದ ಹೊರಟ ತೀರ್ಮಾನ ಎನ್ನಬಹುದು.

ಊರಿನಿಂದ ಇನ್ನೂರು ಮೈಲಿ ದಕ್ಷಿಣಕ್ಕೆ, ಸರ್ಕಾರ ಕಟ್ಟಿಸಿ ಚರ್ಚು ನಡೆಸಿದ ಒಂದು ವಸತಿಶಾಲೆ ಇತ್ತು. ಮನೆಯ ಮಾತು, ಮನೆಯ ಹೆಸರು ಎರಡನ್ನೂ ಬಿಡಿಸುವುದಕ್ಕೆಂದೇ ಮಕ್ಕಳನ್ನು ಅಲ್ಲಿಗೆ ಒಯ್ಯುತ್ತಿದ್ದರು. ಗಲ್ ನ್ಯಾರೋಸಿನಿಂದ ಹೋದವರಲ್ಲಿ ಹನ್ನೊಂದು ಮಕ್ಕಳು ಮರಳಲಿಲ್ಲ. ಅವರ ನೆನಪಿಗೆ ಊರ ಚರ್ಚಿನ ಪಕ್ಕದಲ್ಲಿ ಸಾಮರಸ್ಯದ ಶಿಲೆಯೊಂದನ್ನು ನಿಲ್ಲಿಸಬೇಕೆಂದು ಸರ್ಕಾರದ ಇಲಾಖೆ, ಚರ್ಚಿನ ಧರ್ಮಪ್ರಾಂತ, ಊರ ಮಂಡಳಿ ಮೂರೂ ಸೇರಿ ನಿರ್ಧರಿಸಿದ್ದವು. ಆ ಸಭೆಯಲ್ಲಿ ಡಾರ್ಕಸ್ ಕೇಳಿದ್ದು ಒಂದೇ ಪ್ರಶ್ನೆ. “ಜಗಳ ಆಡಿದವ್ರು ರಾಜಿ ಆಗ್ತಾರೆ. ನಾವ್ಯಾವಾಗ ಜಗಳ ಆಡಿದ್ವಿ?” ಆ ಪ್ರಶ್ನೆಯನ್ನು ಯಾರೂ ಬರೆದುಕೊಳ್ಳಲಿಲ್ಲ. ಆದರೆ ಶಾಲೆ ಇಟ್ಟ ಹೆಸರುಗಳ ಬದಲು ಮನೆಯ ಹೆಸರುಗಳು, ಅದೂ ಕ್ರೀ ಅಕ್ಷರಗಳಲ್ಲಿ, ಇರಬೇಕೆಂಬ ಆಕೆಯ ಮಾತಿಗೆ ಎಲ್ಲರೂ ತಲೆದೂಗಿದರು. ಆರನೆಯ ಹೆಸರು ಆಕೆಯ ಅಣ್ಣನದು: ಪಿಸಿವ್. ಹಿಮದ ಮೇಲೆ ಹೂತುಹೋಗದೆ ನಡೆಯುವ, ಅಗಲ ಪಾದದ ಕಾಡುಬೆಕ್ಕಿನ ಹೆಸರು ಅದು. ಅಪ್ಪನ ಬೂಟು ಮೆಟ್ಟಿಕೊಂಡು ಓಡಾಡುತ್ತಿದ್ದ ಮಗನನ್ನು ಅವರಮ್ಮ ಹಾಗೆ ಕರೆದಿದ್ದಳು.

ಕಲ್ಲು ಮಾರ್ಚಿನಲ್ಲಿ, ಸರೋವರಗಳು ಹೆಪ್ಪುಗಟ್ಟಿದಾಗ ಮಾತ್ರ ತೆರೆಯುವ ಹಿಮದ ದಾರಿಯ ಮೇಲೆ ಲಾರಿಯಲ್ಲಿ ಬಂತು. ನೆಲ ಕರಗಿದ ಮೇಲೆ, ಜೂನಿನಲ್ಲಿ, ಪೆಟ್ಟಿಗೆ ಒಡೆದು ನಿಲ್ಲಿಸಿದರು. ಡಾರ್ಕಸ್ ಬಂದು ಬೆರಳಿಟ್ಟು ಓದತೊಡಗಿದಳು. ಆರನೆಯ ಸಾಲಿನಲ್ಲಿ ಬೆರಳು ನಿಂತಿತು. ಪಕ್ಕದಲ್ಲಿದ್ದವನು ಆಕೆಯ ಅಕ್ಕನ ಮಗ, ಮಂಡಳಿಯ ಸದಸ್ಯ ಎಲೈಜಾ.

“ಎಲೈಜಾ, ಇದನ್ನ ಓದು.”

“ನಂಗೆ ಈ ಅಕ್ಷರ ಬರಲ್ಲ ಅಂತ ನಿಂಗೇ ಗೊತ್ತಲ್ಲ ಚಿಕ್ಕಮ್ಮ.”

“ಮೂರು ಸಲ ಕಲಿಸಿದೀನಿ ಕಣೋ.”

“ಮೂರು ಸಲಾನೂ ಹಾಕಿ ಮ್ಯಾಚ್ ಇತ್ತು.”

“ನಿನ್ನ ಸೋದರಮಾವನ ಹೆಸರಿರೋ ಕಡೆ ‘ಹತ್ತಿದ’ ಅಂತ ಹಾಕಿದಾರೆ.”

“ಎಲ್ಲಿಗೆ?”

“ನಾನೂ ಅದನ್ನೇ ಕೇಳ್ತಿರೋದು.”

ನಮ್ಮ ಕಾಗುಣಿತದಲ್ಲಿ ಅಕ್ಷರಕ್ಕೆ ಇಳಿ, ಗುಡಿಸು, ಕೊಂಬು ಸೇರಿಸುತ್ತೇವೆ. ಕ್ರೀ ಬರಹದಲ್ಲಿ ಏನನ್ನೂ ಸೇರಿಸುವುದಿಲ್ಲ, ಅಕ್ಷರವನ್ನೇ ತಿರುಗಿಸುತ್ತಾರೆ. ಎರಡು ಗೆರೆ ಕೂಡಿದ ಒಂದು ಕೋನ. ತುದಿ ಮನೆಯ ಮಾಡಿನಂತೆ ಮೇಲಿದ್ದರೆ ‘ಪಿ’, ಬಲಕ್ಕಿದ್ದರೆ ‘ಪೋ’, ಎಡಕ್ಕಿದ್ದರೆ ‘ಪ’. ಈ ಅಕ್ಷರಗಳನ್ನು ತಂದುಕೊಟ್ಟವರು ನಾವೇ ಎಂದು ಪಾದ್ರಿಗಳು ಹೇಳುತ್ತ ಬಂದಿದ್ದಾರೆ. ಊರಿನ ಹಿರಿಯರು ಬೇರೆ ಕಥೆ ಹೇಳುತ್ತಾರೆ. ಯಾರು ತಂದಿದ್ದರೂ ಇಂದಿನ ಪಾದ್ರಿಗೆ ಓದಲು ಬಾರದು ಎಂಬುದಂತೂ ಖಚಿತ. ಶಿಲೆಯ ಅಕ್ಷರಗಳನ್ನು ಹಿತ್ತಾಳೆಯಲ್ಲಿ ಎರಕ ಹೊಯ್ದು, ಒಂದೊಂದನ್ನೂ ಒಂದೊಂದು ತಿರುಪಿನಿಂದ ಕಲ್ಲಿಗೆ ಬಿಗಿದಿದ್ದರು. ಆರನೆಯ ಸಾಲಿನ ಮೊದಲ ಅಕ್ಷರದ ತುದಿ ಬಲಕ್ಕಿತ್ತು. ಪಿಸಿವ್ ಹೋಗಿ ಪೋಸಿವ್ ಆಗಿತ್ತು. ದೋಣಿಯನ್ನೋ ವಿಮಾನವನ್ನೋ ತಾನಾಗಿ ಹತ್ತಿ ಕುಳಿತವನ ಬಗ್ಗೆ ಆಡುವ ಮಾತು ಅದು.

ಇಲಾಖೆಯ ಅಧಿಕಾರಿ ಕರ್ಟಿಸ್ ಪೆನ್ನರ್ ಫೋನಿಗೆ ಸಿಕ್ಕಿದ್ದು ಒಂಬತ್ತನೆಯ ದಿನ.

“ಮಿಸೆಸ್ ಬಿಯರ್ಡಿ, ಮೊದಲನೇದಾಗಿ, ನಿಮಗಾದ ನೋವಿಗೆ ಇಲಾಖೆಯ ಪರವಾಗಿ ಕ್ಷಮೆ ಕೇಳ್ತೀನಿ.”

“ಆಯ್ತು. ಎರಡನೇದಾಗಿ?”

“ಎರಡನೇದಾಗಿ, ಮೂರೂ ಕಡೆಯವರು ಸಹಿ ಹಾಕಿದ ನಕ್ಷೇಲಿ ಅಕ್ಷರ ಹೀಗೇ ಇದೆ. ಅಂದ್ರೆ, ತಾಂತ್ರಿಕವಾಗಿ ನೋಡಿದ್ರೆ, ಅದು ತಪ್ಪಲ್ಲ.”

“ಮತ್ತೇನು?”

“ಒಪ್ಪಿಗೆಯಾಗಿರೋದು.”

“ಜನವರೀಲಿ ಬಂದ ಕರಡಿನ ಮೇಲೆ ಕೆಂಪು ಪೆನ್ಸಿಲ್ನಲ್ಲಿ ಗುರುತು ಹಾಕಿ ಕಳಿಸಿದ್ನಲ್ಲಪ್ಪ, ಅದು ಎಲ್ಲಿ ಹೋಯ್ತು?”

ವಿಚಾರಿಸಿದಾಗ ಅದು ಧರ್ಮಪ್ರಾಂತದ ಕಚೇರಿಯಲ್ಲಿ, ‘ಸಮುದಾಯದ ಅನಿಸಿಕೆಗಳು’ ಎಂಬ ಕಡತದಲ್ಲಿ ಭದ್ರವಾಗಿತ್ತು. ಅನಿಸಿಕೆ! ಎರಡಕ್ಕೆ ಎರಡು ಸೇರಿದರೆ ನಾಲ್ಕು ಎಂದು ಬರೆದು ಕಳಿಸಿದ್ದರೂ ಅವರು ಅದೇ ಕಡತಕ್ಕೆ ಸೇರಿಸುತ್ತಿದ್ದರೇನೋ ಎಂದು ಡಾರ್ಕಸ್‌ಗೆ ಅನ್ನಿಸಿತು.

ನೀರು ಯಾವ ಉಷ್ಣಾಂಶದಲ್ಲಿ ಹೆಪ್ಪುಗಟ್ಟುತ್ತದೋ ಅದೇ ಉಷ್ಣಾಂಶದಲ್ಲಿ ಕರಗುತ್ತದೆ. ಸಹಿಗಳ ಸ್ವಭಾವ ಹಾಗಲ್ಲ. ಮೂರು ಸಹಿ ಬೀಳಲು ಒಂದು ಮಧ್ಯಾಹ್ನ ಸಾಕಾಗಿತ್ತು. ಅವನ್ನು ಬಿಡಿಸಲು ಬೇಸಿಗೆಯೆಲ್ಲ ಸಾಲಲಿಲ್ಲ. ಜುಲೈಯಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಒಂದು ಸಭೆ ನಡೆಯಿತು. ಡಾರ್ಕಸ್ ತೊಡೆಯ ಮೇಲೆ ಜಿಂಕೆ ಚರ್ಮದ ಪಾದರಕ್ಷೆ ಇಟ್ಟುಕೊಂಡು, ಯಾರಾದರೂ ಕ್ಷಮೆ ಕೇಳಿದಾಗಲೆಲ್ಲ ಅದರ ಮೇಲಿನ ಹೂವಿಗೆ ಒಂದು ಕೆಂಪು ಮಣಿ ಹೊಲಿಯುತ್ತ ಕುಳಿತಳು. ಸಭೆ ಮುಗಿಯುವ ಹೊತ್ತಿಗೆ ಹೂವಿನ ಒಂದು ಎಸಳು ತುಂಬಿತ್ತು. ಅಕ್ಷರ ಇದ್ದಲ್ಲೇ ಇತ್ತು. ಇಲಾಖೆ ಧರ್ಮಪ್ರಾಂತದ ಪತ್ರ ಬರಲಿ ಎಂದಿತು, ಧರ್ಮಪ್ರಾಂತ ಮಂಡಳಿಯ ಠರಾವು ಬರಲಿ ಎಂದಿತು.

“ನೀನಾದ್ರೂ ಠರಾವು ಮಾಡ್ಸೋ,” ಎಂದಳು ಎಲೈಜಾನಿಗೆ.

“ಮುಂದಿನ ಸಭೇಲಿ ಚಿಕ್ಕಮ್ಮ. ಈ ಸಲ ಎಲ್ರೂ ಬೇಟೆಗೆ ಹೋಗಿದಾರೆ. ನಂಗೂ ಸ್ಕ್ರೂಡ್ರೈವರ್ ತಗೊಂಡು ತಿರುಗಿಸಿಬಿಡೋಣ ಅನ್ಸತ್ತೆ. ಆದ್ರೆ ಮುಟ್ಟಿದ್ರೆ ಗ್ಯಾರಂಟಿ ಹೋಗುತ್ತಂತೆ.”

“ಕಲ್ಲಿಗೆ ಎಂಥ ಗ್ಯಾರಂಟಿಯೋ?”

“ಇಪ್ಪತ್ತೈದು ವರ್ಷದ್ದು.”

“ನಿನ್ನ ಸೋದರಮಾವನಿಗೆ ಅಷ್ಟು ವರ್ಷ ಯಾರೂ ಕೊಡ್ಲಿಲ್ಲ.”

ಆಗಸ್ಟಿನಲ್ಲಿ ಧರ್ಮಪ್ರಾಂತದಿಂದ ಪಾದ್ರಿ ಡೆಸ್ಮಂಡ್ ಹಾಲ್ ಬಂದ. ಒಳ್ಳೆಯ ಮನುಷ್ಯ, ತೊಂದರೆಯೆಲ್ಲ ಅಲ್ಲೇ ಇತ್ತು. ಚಹಾ ಕುಡಿದ, ಹೊಗೆಗೆ ಒಣಗಿಸಿದ ಮೀನು ತಿಂದ, ಕಲ್ಲಿನ ಮುಂದೆ ಬಹಳ ಹೊತ್ತು ನಿಂತ. ಹಿಂದಿರುಗಿದಾಗ ಅವನ ಕಣ್ಣಂಚು ಒದ್ದೆಯಾಗಿತ್ತು.

“ಡಾರ್ಕಸ್, ನಂಗೊಂದು ಅನ್ಸತ್ತೆ. ಬಹುಶಃ ಇದು ಬರೀ ತಪ್ಪಲ್ಲ. ‘ಅವನು ಹತ್ತಿದ’! ಆ ಮಕ್ಕಳೆಲ್ಲರ ಕಥೆಯೂ ಆ ಒಂದು ಮಾತಲ್ಲಿ ಇಲ್ವಾ? ಹಾಗೇ ಬಿಟ್ರೆ ಅದಕ್ಕೊಂದು ಬೇರೆಯೇ ಅರ್ಥ...”

ದವಾಖಾನೆಯಲ್ಲಿ ಎಷ್ಟೋ ಕೆಟ್ಟ ಸುದ್ದಿಗಳನ್ನು ದನಿ ಏರಿಸದೆ ದಾಟಿಸಿದವಳು ಡಾರ್ಕಸ್. ಅಂದು ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು.

“ಅವನು ಹತ್ತಲಿಲ್ಲ ರೆವರೆಂಡ್! ನೀರಿನ ಮೇಲೆ ಇಳಿಯೋ ವಿಮಾನ ಬಂತು. ಸರ್ಕಾರದವನು ಒಬ್ಬ, ಪೊಲೀಸು ಒಬ್ಬ, ನಿಮ್ಮವರು ಒಬ್ರು. ಅವನಿಗೆ ಒಂಬತ್ತು ವರ್ಷ. ಮಗುಚಿ ಹಾಕಿದ್ದ ದೋಣಿ ಹಿಂದೆ ಓಡಿಹೋಗಿ ಅದರ ಅಂಚು ಹಿಡ್ಕೊಂಡ. ಒಂದೊಂದೇ ಬೆರಳು ಬಿಡಿಸಿ ಎತ್ತಿ ಹಾಕಿದ್ರು. ಎತ್ತಿ ಹಾಕೋದಕ್ಕೆ ನಮ್ಮ ಭಾಷೇಲಿ ಬೇರೆ ಮಾತಿದೆ, ಹತ್ತೋದಕ್ಕೆ ಬೇರೆ ಮಾತಿದೆ.”

ಪಾದ್ರಿ ಏನೋ ಹೇಳಲು ಬಾಯಿ ತೆರೆದ. ಆಕೆ ಬಿಡಲಿಲ್ಲ.

“ಹತ್ತಿದ್ದು ಯಾರು ಗೊತ್ತಾ? ನಾನು. ಆರು ವರ್ಷ ನಂಗೆ. ವಿಮಾನದೊಳಗೆ ಹೇಗಿರತ್ತೆ ನೋಡ್ಬೇಕು ಅಂತ ನಾನೇ ಮೊದಲು ಹೋಗಿ ಕೂತಿದ್ದೆ. ನಗ್ತಾ ಕೂತಿದ್ದೆ. ಆ ಮಾತು ನಂದು. ನನ್ನ ಮಾತು ತಗೊಂಡು ಅವನ ಕಲ್ಲಿನ ಮೇಲೆ ಹಾಕಿದೀರಿ. ನಿಮ್ಮ ಹಳೇ ದಾಖಲೆಗಳೂ ಅದನ್ನೇ ಹೇಳ್ತವಲ್ಲ, ಮಕ್ಕಳು ಖುಷಿಯಾಗಿ ಬಂದ್ರು ಅಂತ!”

ಒಲೆಯ ಮೇಲಿನ ನೀರು ಕುದಿದು ಚೆಲ್ಲುತ್ತಿತ್ತು. ಪಾದ್ರಿ ಡೆಸ್ಮಂಡ್ ಕ್ಷಮೆ ಕೇಳಲು ಹೊರಟು, ಆಕೆಯ ಮುಖ ನೋಡಿ, ಎದ್ದು ಒಲೆ ಆರಿಸಿದ. ಮರುದಿನ ಹೋಗಿ ಆ ವಾರವೇ ಧರ್ಮಪ್ರಾಂತದ ಪತ್ರವನ್ನು ಇಲಾಖೆಗೆ ಕಳಿಸಿದ. ಆ ಬೇಸಿಗೆಯಲ್ಲಿ ಆಕೆ ಕಂಡ ಒಂದೇ ಒಂದು ಕೆಲಸ ಅದು. ಆದರೆ ಇಲಾಖೆಗೆ ಮಂಡಳಿಯ ಠರಾವೂ ಅದರ ಜೊತೆಗೇ ಬೇಕಾಗಿತ್ತು.

ಪಿಸಿವ್ ಎರಡನೆಯ ಚಳಿಗಾಲದಲ್ಲಿ ಜ್ವರದಿಂದ ತೀರಿಕೊಂಡಿದ್ದ. ಯಾರೂ ಆಕೆಗೆ ಹೇಳಿರಲಿಲ್ಲ. ಊಟದ ಮನೆಯಲ್ಲಿ ಅವನ ಜಾಗದಲ್ಲಿ ಬೇರೊಬ್ಬ ಹುಡುಗ ಗಂಜಿ ಉಣ್ಣುತ್ತಿದ್ದುದನ್ನು ನೋಡಿ ತಿಳಿದುಕೊಂಡಿದ್ದಳು. ಎಂಟು ವರ್ಷದ ನಂತರ ಮನೆಗೆ ಮರಳಿದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, ‘ಅವನು ಹೇಗೆ ಹೋದ?’ ಎಂದಾಗಿತ್ತು. ಕೇಳಿದ್ದು ತಿಳಿಯಿತು, ಆದರೆ ಆಡಲು ಕ್ರೀ ಮಾತು ಅಷ್ಟರಲ್ಲಿ ಮರೆತುಹೋಗಿತ್ತು. ಡಾರ್ಕಸ್‌ಗೆ ಉತ್ತರಿಸಲು ಆಗಲಿಲ್ಲ. ಚರ್ಚಿನ ಕ್ರೀ ಹಾಡಿನ ಪುಸ್ತಕವನ್ನು ಅಮ್ಮನ ಪಕ್ಕ ಕುಳಿತು ಬೆರಳಿಟ್ಟು ಓದುತ್ತ ಆಕೆ ಭಾಷೆಯನ್ನು ಅಕ್ಷರದಿಂದ ಅಕ್ಷರಕ್ಕೆ ವಾಪಸು ಪಡೆದಿದ್ದಳು. ಯಾವ ಅಕ್ಷರ ಯಾವ ಕಡೆಗೆ ತಿರುಗಿರಬೇಕು ಎಂಬುದು ಆಕೆಗೆ ಸಣ್ಣ ವಿಷಯವಾಗಿ ಕಾಣದಿರಲು ಕಾರಣ ಅದು.

ಸೆಪ್ಟೆಂಬರ್ ಕೊನೆಯ ದಿನ ಅನಾವರಣ. ಹೆಸರುಗಳನ್ನು ಓದುವವಳು ಡಾರ್ಕಸ್. ಬೆಳಗ್ಗೆ ಮೂಸ್ ಕಡವೆಯ ಮಾಂಸದ ಸಾರಿನ ಪಾತ್ರೆಯನ್ನು ಸಮುದಾಯ ಭವನಕ್ಕೆ ಮುಟ್ಟಿಸಿ ಬಂದವಳು ಅಡುಗೆಮನೆಯ ಖಾನೆ ಎಳೆದಳು. ಆ ದೇಶದಲ್ಲಿ ಪ್ರತಿ ಮನೆಯಲ್ಲೂ ಇರುವ, ಚೌಕ ತುದಿಯ ಸ್ಕ್ರೂಡ್ರೈವರ್ ಅಲ್ಲಿತ್ತು. ಜೂನಿನಿಂದಲೂ ಅಲ್ಲೇ ಇತ್ತು. ತಪ್ಪು ಮಾಡಿದ ಕೈಯೇ ತಿದ್ದಬೇಕು ಎಂಬ ಹಟಕ್ಕೆ ಆಕೆ ನಾಲ್ಕು ತಿಂಗಳು ಕೊಟ್ಟಿದ್ದಳು. ಆದರೆ ಮಧ್ಯಾಹ್ನ ಎಲ್ಲರ ಎದುರು ಬಾಯಲ್ಲಿ ಒಂದು, ಕಲ್ಲಿನಲ್ಲಿ ಒಂದು ಆಗುವುದನ್ನು ಸಹಿಸುವುದು ಸಾಧ್ಯವಿರಲಿಲ್ಲ.

ಕಲ್ಲಿಗೆ ಹೊದಿಸಿದ್ದ ಬಟ್ಟೆಯೊಳಗೆ ಕೈ ತೂರಿಸಿ, ತಡವಿ, ತಿರುಪು ಸಡಿಲಿಸಿ, ಅಕ್ಷರವನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ, ಮತ್ತೆ ಬಿಗಿದಳು. ಎರಡು ನಿಮಿಷವೂ ಹಿಡಿಯಲಿಲ್ಲ. ತಿರುಪು ಕೋನದ ತುದಿಯಲ್ಲಿದ್ದುದರಿಂದ ಅಕ್ಷರ ಈಗ ಸಾಲಿನಿಂದ ಒಂದು ಬೆರಳಿನಷ್ಟು ಕೆಳಗೆ ಜೋತುಬಿದ್ದಿತು. ಜೋತುಬೀಳಲಿ. ಓದಲು ಸರಿಯಾಗಿ ಬರುತ್ತಿತ್ತು.

ಮಧ್ಯಾಹ್ನ, ವಸತಿಶಾಲೆಗಳ ಮಕ್ಕಳ ನೆನಪಿಗೆ ಆ ದಿನ ತೊಡುವ ಕಿತ್ತಳೆ ಅಂಗಿ ತೊಟ್ಟ ಜನರೆದುರು ಬಟ್ಟೆ ಸರಿಯಿತು. ಆಕೆ ಓದಿದಳು. ಆರನೆಯ ಹೆಸರು ಬಂದಾಗ ದನಿ ಸ್ವಲ್ಪ ಗಟ್ಟಿಯಾಯಿತು, ಅಷ್ಟೇ: “ಪಿಸಿವ್.”

ಕರ್ಟಿಸ್ ಪೆನ್ನರ್ ಮುಂದೆ ಬಂದು, ಮಂಡಳಿಯ ಠರಾವು ಹಿಂದಿನ ದಿನವಷ್ಟೇ ಕೈಸೇರಿತೆಂದೂ, ತಿದ್ದುಪಡಿಗೆ ಮೂರೂ ಕಡೆಯ ಒಪ್ಪಿಗೆ ಸಿಕ್ಕಿತೆಂದೂ, ಹಿಮದ ದಾರಿ ತೆರೆದ ಕೂಡಲೇ ತಂತ್ರಜ್ಞನೊಬ್ಬ ಬರುವನೆಂದೂ ಸಂತೋಷದಿಂದ ಘೋಷಿಸಿದ. ಚಪ್ಪಾಳೆ ಬಿತ್ತು. ಆಮೇಲೆ ಅವನು ಕಲ್ಲಿನತ್ತ ಬಗ್ಗಿ ನೋಡಿದ.

“ಇದನ್ನ ಯಾರೋ ಮುಟ್ಟಿದಾರೆ! ಅಕ್ಷರ ಸೊಟ್ಟಗಾಗಿದೆ!”

“ಗಾಳಿ ಇರ್ಬೇಕು,” ಎಂದ ಎಲೈಜಾ, ಸಾರಿನ ಬಟ್ಟಲನ್ನು ಬಾಯಿಗೆ ಅಡ್ಡ ಹಿಡಿದು. “ಇಲ್ಲಿ ಗಾಳಿ ಜೋರು.”

“ಮಿಸ್ಟರ್ ಪೆನ್ನರ್,” ಎಂದಳು ಡಾರ್ಕಸ್, “ಅದು ಈಗ ಸರಿಯಾಗಿದೆ. ಯಾರನ್ನೂ ಕಳಿಸ್ಬೇಡಿ.”

ಅವನು ಬರೆದುಕೊಂಡ. ಎಲ್ಲಿ ಬರೆದುಕೊಂಡ, ಯಾವ ಕಡತಕ್ಕೆ ಸೇರಿಸಿದ ಎಂಬುದು ಡಿಸೆಂಬರಿನಲ್ಲಿ ಬಂದ ಪತ್ರದಿಂದ ತಿಳಿಯಿತು. ತಂತ್ರಜ್ಞನಿಗೆ ಕೊಟ್ಟ ಆದೇಶದ ಪ್ರತಿ ಅದು. ‘ಆರನೆಯ ಸಾಲಿನ ಮೊದಲ ಅಕ್ಷರವನ್ನು ಈಗಿರುವ ಸ್ಥಿತಿಯಿಂದ ಎಡಕ್ಕೆ ಕಾಲು ಸುತ್ತು ತಿರುಗಿಸತಕ್ಕದ್ದು.’ ಡಾರ್ಕಸ್ ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಓದಿದಳು. ಈಗಿರುವ ಸ್ಥಿತಿಯಿಂದ! ಹಾಗೆ ತಿರುಗಿಸಿದರೆ ‘ಪಿ’ ಹೋಗಿ ‘ಪ’ ಆಗುತ್ತದೆ. ಅದು ಯಾರ ಹೆಸರೂ ಅಲ್ಲ.

ಆಕೆ ಫೋನು ಮಾಡಿದಳು. ಪೆನ್ನರ್ ಮೊದಲನೆಯದಾಗಿ ಕ್ಷಮೆ ಕೇಳಿದ. ಎರಡನೆಯದಾಗಿ, ಆದೇಶ ರದ್ದು ಮಾಡಬೇಕಾದರೆ ಮೂರೂ ಕಡೆಯ ಸಹಿ ಬೇಕೆಂದ.

“ಇನ್ನೊಂದು ಸಭೆ ಕರೀಲಾ ಚಿಕ್ಕಮ್ಮ?” ಎಂದು ಎಲೈಜಾ ಸಂಜೆ ಬಂದು ಕೇಳಿದ.

“ಸಭೆ ಬೇಡ. ಆ ತಂತ್ರಜ್ಞನ ಲಾರಿ ಯಾವತ್ತು ಬರತ್ತೆ ಅಂತ ಹೇಳು, ಸಾಕು.”

ಅವನು ಹೋದ ಮೇಲೆ ಆಕೆ ಖಾನೆಯಿಂದ ಸ್ಕ್ರೂಡ್ರೈವರ್ ತೆಗೆದು, ಬಾಗಿಲ ಹಿಂದೆ ತೂಗುಹಾಕಿದ್ದ ಚಳಿಗಾಲದ ಕೋಟಿನ ಜೇಬಿಗೆ ಹಾಕಿದಳು. ಅದು ಬೀಳದಂತೆ ಜೇಬಿನ ಬಾಯಿಗೆ ಒಂದು ಗುಂಡಿಯನ್ನೂ ಹೊಲಿದಳು.